ಬಜ್ಜಿ ಎಣ್ಣೆಯಲ್ಲಿ ಒಣಗಿದ ಮಡಿ ಪಂಚೆ

ಮೂರ್ನಾಡಿನಲ್ಲಿ ಆಷಾಢದಲ್ಲಿ ಒಗೆದ ಪಂಚೆ ಶ್ರಾವಣದಲ್ಲಿ ಒಣಗುತ್ತದೆ. ಒಣಗುತ್ತದೆ ಎನ್ನುವುದೂ ಸ್ವಲ್ಪ ಉದಾರ ಮಾತೇ, ಹಿಂಡಿದರೆ ನೀರು ಬರುವುದು ನಿಲ್ಲುತ್ತದೆ ಅಷ್ಟೆ. ಇದರ ಬಗ್ಗೆ ದೂರು ಹೇಳುವ ಹಕ್ಕು ಊರಿನಲ್ಲಿ ಎಲ್ಲರಿಗೂ ಉಂಟು, ಹಾರ್ಡ್‌ವೇರ್ ಅಂಗಡಿಯ ಸೀತಾರಾಮನೊಬ್ಬನನ್ನು ಬಿಟ್ಟು. ಟಾರ್ಪಾಲು, ತಗಡು, ಪೈಪು, ಬಕೆಟ್ಟು ಮಾರಿ ಅವನು ವರ್ಷದ ಅನ್ನ ಸಂಪಾದಿಸುವುದೇ ಆ ಮಳೆಯ ನಾಲ್ಕು ತಿಂಗಳಲ್ಲಿ. ಅಂಗಡಿಯ ಮಟ್ಟಿಗೆ ಮಳೆ ಸಾಕ್ಷಾತ್ ಲಕ್ಷ್ಮಿ. ಅಂಗಡಿಯ ಹಿಂಬಾಗಿಲು ದಾಟಿ ಮನೆಯೊಳಗೆ ಕಾಲಿಟ್ಟರೆ ಅದೇ ಮಳೆ ಶನಿ.

ಆ ಶನಿ ಹೆಗಲೇರಿದ್ದು ಹೋದ ವರ್ಷ, ಅಪ್ಪನ ತಿಥಿಯ ದಿನ.

ಸೀತಾರಾಮನದು ತಲೆತಲಾಂತರದಿಂದ ದೇವಸ್ಥಾನದ ಪೂಜೆಯ ಮನೆತನ. ಅಣ್ಣ ವಿಷ್ಣುಪ್ರಸಾದ್ ಮಡಿಕೇರಿಯಲ್ಲಿ ಇವತ್ತಿಗೂ ಗಂಟೆ ಹಿಡಿದು ನಿಂತಿದ್ದಾರೆ. ಗಂಟೆ ಬಿಟ್ಟು ತಕ್ಕಡಿ ಹಿಡಿದವನು ಸೀತಾರಾಮ ಒಬ್ಬನೇ. ಹಾಗಾಗಿ ಬಂಧುಬಳಗದಲ್ಲಿ ಅವನಿಗೆ ‘ಮೊಳೆ ಸೀತಾರಾಮ’ ಎಂಬ ಬಿರುದು. ಮದುವೆ ಮುಂಜಿಗಳಲ್ಲಿ ಅವನನ್ನು ಯಾರಾದರೂ ಹುಡುಕಿದರೆ ಚಪ್ಪರಕ್ಕೆ ಮೊಳೆ ಸಾಲಲಿಲ್ಲ ಎಂದೇ ಅರ್ಥ. ಆದರೆ ವರ್ಷದಲ್ಲಿ ಒಂದು ದಿನ ಲೆಕ್ಕ ತಿರುಗುಮುರುಗಾಗುತ್ತಿತ್ತು. ಅಪ್ಪ ಕೊನೆಯ ಒಂಬತ್ತು ವರ್ಷ ಇದ್ದದ್ದೂ, ಕಣ್ಣು ಮುಚ್ಚಿದ್ದೂ ಮೂರ್ನಾಡಿನ ಈ ಮನೆಯಲ್ಲಿ. ಆದ್ದರಿಂದ ತಿಥಿ ಇಲ್ಲೇ. ಕರ್ತೃವಿನ ಮಣೆಯಲ್ಲಿ ಕೂರುವವರು ಅಣ್ಣನೇ ಆದರೂ ಮಣೆ ಸೀತಾರಾಮನದು, ಮನೆ ಸೀತಾರಾಮನದು, ಬಡಿಸುವ ಎಲೆ ಸೀತಾರಾಮನದು. ಆ ದಿನ ಮಡಿಕೇರಿಯ ಸಕಲ ವೇದಶಾಸ್ತ್ರಗಳೂ ಮೊಳೆ ಅಂಗಡಿಯ ಹಿಂದಿನ ಮನೆಗೆ ಬಂದು ಕಾಲು ತೊಳೆಯಲು ನೀರು ಕೇಳುತ್ತವೆ. ಈ ಸುಖಕ್ಕೆ ಏನು ರೇಟು ಹಾಕಬೇಕೆಂದು ಸೀತಾರಾಮನಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಏನಾಯಿತೆಂದರೆ, ಮಡಿ ಪಂಚೆ ಒಣಗಲಿಲ್ಲ. ಮಡಿಯ ಬಟ್ಟೆ ಎಂದರೆ ಹಿಂದಿನ ದಿನವೇ ಒಗೆದು, ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವಿ, ಯಾರೂ ಮುಟ್ಟದ ಹಾಗೆ ಒಣಗಿಸಬೇಕು. ಮಳೆಗೆ ಮಡಿ ಮೈಲಿಗೆಯ ಪರಿವೆ ಇಲ್ಲವಲ್ಲ, ಗಾಳಿಯ ಜೊತೆ ಬಂದು ರಾತ್ರಿಯಿಡೀ ಮುಟ್ಟಿಯೇ ಮುಟ್ಟಿತು. ಅಣ್ಣ ಒದ್ದೆ ಪಂಚೆಯಲ್ಲೇ ನಾಲ್ಕು ಗಂಟೆ ಕೂತರು. ಪಿಂಡ ಇಡುವ ಹೊತ್ತಿಗೆ ಸರಿಯಾಗಿ ಸೀನಿದರು. ಒಂದಲ್ಲ, ಏಳು. ಏಳನೆಯದಕ್ಕೆ ದರ್ಭೆ ಹಾರಿ ಪುರೋಹಿತರ ಮಡಿಲಲ್ಲಿ ಬಿತ್ತು.

ಅತ್ತಿಗೆ ಸರೋಜ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು: "ಪಾಪ, ಮಾವನವರಿಗೆ ಎಳ್ಳುನೀರು ಕೊಡಬೇಕಾದಲ್ಲಿ ಮೂಗಿನ ನೀರು ಕೊಟ್ಟ ಹಾಗಾಯಿತು. ಬರುವ ವರ್ಷವೂ ಪಂಚೆ ಒಣಗದಿದ್ದರೆ ತಿಥಿ ಮಡಿಕೇರಿಯಲ್ಲೇ ಮಾಡುವ. ನಮ್ಮಲ್ಲಿ ಕರೆಂಟಿನ ಹೀಟರ್ ಉಂಟು."

ಅಣ್ಣ ಮೂಗು ಒರೆಸಿಕೊಂಡು "ಹೂಂ" ಎಂದರು. ಆ ‘ಹೂಂ’ ಸೀತಾರಾಮನ ಎದೆಯಲ್ಲಿ ಮೂರಿಂಚಿನ ಮೊಳೆಯಾಗಿ ಕೂತಿತು.

ಹೆಂಡತಿ ಗೋಮತಿಗೆ ಮಾತ್ರ ಆ ಮಾತು ಕೇಳಿ ಅಂಥ ದುಃಖವೇನೂ ಆಗಲಿಲ್ಲ. ಅವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ವರ್ಷಕ್ಕೊಮ್ಮೆ ರಜೆ ಹಾಕಿ, ನಸುಕಿಗೇ ತಣ್ಣೀರು ಹೊಯ್ದುಕೊಂಡು, ಹನ್ನೆರಡು ಬಗೆ ಅಡುಗೆ ಮಾಡುವ ಪುಣ್ಯವನ್ನು ಸರೋಜಕ್ಕ ಬೇಡಿ ಪಡೆಯುವುದಾದರೆ ಪಡೆಯಲಿ ಎಂಬುದು ಅವಳ ನಿಲುವು.

"ಅಣ್ಣನ ಮನೆಯಲ್ಲಾದರೆ ಬೆಚ್ಚಗೆ ಕೂತು ಊಟ ಮಾಡಿ ಬರಬಹುದಲ್ಲ?" ಎಂದಳು.

"ಅಪ್ಪ ಈ ಮನೆಗೆ ಬಂದು ಅಭ್ಯಾಸವಾದವರು. ಅಲ್ಲಿಗೆ ದಾರಿ ಗೊತ್ತಾಗಬೇಡವಾ?"

"ಮಡಿಕೇರಿಗೆ ಅರ್ಧ ಗಂಟೆಗೊಂದು ಬಸ್ಸುಂಟು."

ಈ ವರ್ಷ ತಿಥಿಗೆ ಇನ್ನೂ ಒಂದು ತಿಂಗಳಿರುವಾಗಲೇ ಸೀತಾರಾಮ ಒಣಗಿಸುವ ವಿದ್ಯೆಯ ಅಧ್ಯಯನಕ್ಕೆ ಇಳಿದ. ಕರೆಂಟನ್ನು ನಂಬುವಂತಿಲ್ಲ. ಆಷಾಢದ ಕರೆಂಟು ಹೊಸ ಅಳಿಯನ ಹಾಗೆ, ಬಂದರೆ ಸಂಭ್ರಮ, ನಿಲ್ಲುವುದಿಲ್ಲ. ಸೌದೆ ಒದ್ದೆ. ಹೀಗಿರುವಾಗ ಫೋನಿನಲ್ಲಿ ಅವನಿಗೆ ಒಂದು ವೀಡಿಯೋ ಕಂಡಿತು. ಯಾವುದೋ ಹಿಮದ ದೇಶದ ಗಡ್ಡದ ಮನುಷ್ಯ, ಹೋಟೆಲಿನವರು ಚೆಲ್ಲುವ ಕರಿದ ಎಣ್ಣೆಯನ್ನು ಒಂದು ಕಬ್ಬಿಣದ ಡ್ರಮ್ಮಿನೊಳಗೆ ಹನಿಹನಿಯಾಗಿ ಬೀಳಿಸಿ, ಧಗಧಗ ಉರಿಸಿ, ಬನಿಯನ್ನಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಸೀತಾರಾಮನಿಗೆ ಭಾಷೆ ಅರ್ಥವಾಗಲಿಲ್ಲ. ಆದರೆ ‘ಫ್ರೀ’ ಎಂಬ ಶಬ್ದ ಮೂರು ಸಲ ಬಂದದ್ದು ಸ್ಪಷ್ಟವಾಗಿ ಕೇಳಿತು.

ಬೇಕಾದ ಸಾಮಾನೆಲ್ಲ ಅಂಗಡಿಯಲ್ಲೇ ಇತ್ತು. ಒಂದು ಡ್ರಮ್ಮು, ತಾಮ್ರದ ಟ್ಯೂಬು, ಒಂದು ನಲ್ಲಿ, ಎಣ್ಣೆ ಬೀಳಲು ಹಳೆಯ ಲಾರಿಯ ಬ್ರೇಕ್ ಡ್ರಮ್ಮು. ವೆಲ್ಡಿಂಗ್ ಮಾಡುವ ಪುನೀತ್ ಎರಡು ದಿನದಲ್ಲಿ ಎಲ್ಲವನ್ನೂ ಸೇರಿಸಿ ನಿಲ್ಲಿಸಿ, "ಹೊಗೆ ಪೈಪನ್ನು ನೇರ ಮೇಲೆ ಬಿಡುವನಾ ಅಣ್ಣ?" ಎಂದು ಕೇಳಿದ.

ಇಲ್ಲಿ ವ್ಯಾಪಾರಿ ಎಚ್ಚೆತ್ತ. ಬಿಸಿ ಬಿಸಿ ಹೊಗೆಯನ್ನು ಪುಕ್ಕಟೆಯಾಗಿ ಆಕಾಶಕ್ಕೆ ಕೊಡುವುದೇ? ಆಕಾಶ ನಮಗೇನು ಕೊಟ್ಟಿದೆ, ಮಳೆ ಬಿಟ್ಟು? ಸೀತಾರಾಮ ಹೊಗೆಯ ಪೈಪನ್ನು ಬಟ್ಟೆ ಒಣಹಾಕುವ ಕೋಣೆಯ ಒಳಗೇ ಗೋಡೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಆಮೇಲೆ ಕಿಟಕಿಯಿಂದ ಹೊರಗೆ ಬಿಡಿಸಿದ. ಪ್ರದಕ್ಷಿಣೆಗೆ ಒಂಬತ್ತು ಜೋಡಣೆ ಬೇಕಾಯಿತು. ಒಂಬತ್ತರಲ್ಲಿ ಎಷ್ಟು ಬಿಗಿಯಾಗಿದ್ದವು ಎಂಬುದು ನಂತರ ತಿಳಿಯಿತು.

ಎಣ್ಣೆ ಕೊಡುವವನು ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಬಜ್ಜಿಯ ಹೋಟೆಲಿಟ್ಟ ಮಾಯಿಲಪ್ಪ. ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಎಲ್ಲಿ ಎಸೆಯುವುದೆಂದು ಅವನಿಗೂ ಚಿಂತೆಯಿತ್ತು. ಚರಂಡಿಗೆ ಸುರಿದರೆ ಪಂಚಾಯಿತಿಯವರು ಬರುತ್ತಾರೆ. ಆದರೆ ಯಾರಿಗೂ ಬೇಡದ ವಸ್ತುವನ್ನು ಒಬ್ಬ ‘ಬೇಕು’ ಎಂದ ಕ್ಷಣ ಅದಕ್ಕೆ ಬೆಲೆ ಹುಟ್ಟುತ್ತದೆಂದು ಸೀತಾರಾಮನಿಗೆ ಗೊತ್ತಿಲ್ಲವೇ? ಅವನು ಚಹಾ ಕುಡಿದು, ಮೂಗು ಮುಚ್ಚಿಕೊಂಡು, "ಎಂತ ಮಾರಾಯ ಇದು, ವಾಸನೆ. ಬೇಕಾದರೆ ನಾನು ತೆಗೆದುಕೊಂಡು ಹೋಗಿ ಎಲ್ಲಾದರೂ ಸುಟ್ಟು ಬಿಡುತ್ತೇನೆ" ಎಂದ.

"ನೀವು ದೇವರಂಥವರು ಸೀತಾರಾಮಣ್ಣ," ಎಂದು ಮಾಯಿಲಪ್ಪ ಎರಡು ಡಬ್ಬ ಎತ್ತಿ ಕೊಟ್ಟ. ಸೀತಾರಾಮ ದೇವರ ಮುಖ ಮಾಡಿಕೊಂಡು ಹೊತ್ತು ತಂದ.

ಉದ್ಘಾಟನೆಯ ದಿನ ಎಣ್ಣೆ ಹರಿಯಲಿಲ್ಲ. ಮೂರ್ನಾಡಿನ ಚಳಿಗೆ ಪಾಮಾಯಿಲ್ ಡಬ್ಬದೊಳಗೆ ತುಪ್ಪದ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ವೀಡಿಯೋದ ಗಡ್ಡದವನಿಗೆ ಈ ತೊಂದರೆ ಇದ್ದಂತಿರಲಿಲ್ಲ, ಅವನು ಬೇರೆ ಎಣ್ಣೆಯ ದೇಶದವನು. ಸೀತಾರಾಮ ಡಬ್ಬವನ್ನು ಅಡುಗೆ ಮನೆಗೆ ತಂದು ಗ್ಯಾಸ್ ಒಲೆಯ ಮೇಲೆ ಕೂರಿಸಿದ.

"ಇದೆಂತ?" ಎಂದಳು ಗೋಮತಿ.

"ಎಣ್ಣೆ ಕರಗಬೇಕು. ಕರಗಿದರೆ ಹೀಟರ್ ಉರಿಯುತ್ತದೆ."

"ಅಂದರೆ ಹೀಟರಿಗೊಂದು ಹೀಟರ್."

"ಸುರುವಿಗೆ ಮಾತ್ರ."

"ರಾತ್ರಿ ಮಲಗಿಸುವಾಗ ಅದಕ್ಕೊಂದು ಕಂಬಳಿಯೂ ಹೊದಿಸಿ. ಪಾಪ, ಶೀತವಾದರೆ ಅದೂ ಸೀನೀತು."

ಕರಟದ ಬೆಂಕಿಯಲ್ಲಿ ಬ್ರೇಕ್ ಡ್ರಮ್ಮು ಕಾಯಿಸಿ, ಕರಗಿದ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟಾಗ ಹೀಟರ್ ಒಮ್ಮೆ ಕೆಮ್ಮಿತು, ಎರಡು ಸಲ ಪಟಾರೆಂದಿತು, ಆಮೇಲೆ ಬಸುರಿ ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ಉರಿಯತೊಡಗಿತು. ಎರಡೇ ಗಂಟೆ. ಪರೀಕ್ಷೆಗೆಂದು ಹಾಕಿದ್ದ ಪಂಚೆ ಹಪ್ಪಳದ ಹಾಗೆ ಗರಿಗರಿಯಾಯಿತು. ಸೀತಾರಾಮ ಅದನ್ನು ಎರಡು ಕೈಯಲ್ಲಿ ಹಿಡಿದು, ಗೆದ್ದ ರಾಜ್ಯದ ಬಾವುಟದಂತೆ ಹೆಂಡತಿಯ ಮುಂದೆ ಹರವಿದ.

ಗೋಮತಿ ಮುಟ್ಟಿ ನೋಡಿದಳು. ಮೂಸಿ ನೋಡಿದಳು.

"ಒಣಗಿದೆ," ಎಂದು ಒಪ್ಪಿಕೊಂಡಳು. "ಆದರೆ ಇದನ್ನು ಉಡುವುದೋ, ಚಟ್ನಿ ಹಚ್ಚಿಕೊಂಡು ತಿನ್ನುವುದೋ?"

ಪಂಚೆಯ ತುಂಬ ಈರುಳ್ಳಿ ಬಜ್ಜಿಯ ಪರಿಮಳ. ಒಂಬತ್ತು ಜೋಡಣೆಗಳೂ ಹೊಗೆ ಸೋರಿಸುವ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದವು. ಪಂಚೆ ಮಾತ್ರವಲ್ಲ, ಪಕ್ಕದ ಕೋಣೆಯ ಕಪಾಟಿನಲ್ಲಿದ್ದ ಗೋಮತಿಯ ಸೀರೆಗಳೂ ದೀಕ್ಷೆ ಪಡೆದಿದ್ದವು. ಮರುದಿನ ಅವಳು ಒಂಬತ್ತನೆಯ ಕ್ಲಾಸಿಗೆ ಹೋಗಿ ಹಳಗನ್ನಡ ಪದ್ಯ ಶುರುಮಾಡಿದರೆ, ಇಡೀ ತರಗತಿ ಎಂದೂ ಇಲ್ಲದ ಏಕಾಗ್ರತೆಯಿಂದ ಅವಳನ್ನೇ ನೋಡುತ್ತಿತ್ತು. ಬಿಸಿಯೂಟದ ಚನ್ನಬಸಮ್ಮ ಪಕ್ಕಕ್ಕೆ ಕರೆದು, "ಟೀಚರೇ, ಒಬ್ಬರೇ ತಿಂದು ಬರೋದಾ? ನಮಗೂ ಎರಡು ಕಟ್ಟಿಸಿಕೊಂಡು ಬರಬಾರದಾ?" ಎಂದಳು.

ಗೋಮತಿ ಆ ಮಾತನ್ನು ಅಕ್ಷರ ತಪ್ಪದೆ ಮನೆಗೆ ತಂದು ಗಂಡನಿಗೆ ಒಪ್ಪಿಸಿದಳು. ಆದರೆ ಅವನ ತಲೆಯಲ್ಲಿ ಕೂತದ್ದು ಬೇರೆ ಸಂಕಟ. ತಿಥಿಯ ದಿನ ಈರುಳ್ಳಿ ಮನೆಯೊಳಗೇ ಬರಕೂಡದು. ಅಂಥದ್ದರಲ್ಲಿ ಕರ್ತೃವಿನ ಸೊಂಟಕ್ಕೇ ಈರುಳ್ಳಿ ಸುತ್ತಿದರೆ?

"ಅಗ್ನಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಅಂತ ಶಾಸ್ತ್ರವೇ ಉಂಟು," ಎಂದು ವಾದಿಸಿ ನೋಡಿದ.

"ಅದನ್ನು ಸರೋಜಕ್ಕನ ಮೂಗಿಗೆ ಹೇಳಿ," ಎಂದಳು ಗೋಮತಿ.

ಆ ಮೂಗು ನೆನಪಾದದ್ದೇ ತಡ, ಸೀತಾರಾಮ ಮಾಯಿಲಪ್ಪನ ಹೋಟೆಲಿಗೆ ಹೋದ. "ಈರುಳ್ಳಿ ಹಾಕದ ಎಣ್ಣೆ ಬೇಕಲ್ಲ ಮಾಯಿಲಪ್ಪ."

"ಸುಡಲಿಕ್ಕೆ ಈರುಳ್ಳಿ ಆದರೇನು, ಬಾಳೆಕಾಯಿ ಆದರೇನು?" ಎಂದ ಮಾಯಿಲಪ್ಪ. ಅವನ ಕಣ್ಣಿನಲ್ಲಿ ದೇವರ ಬಗ್ಗೆ ಮೊದಲ ಸಂಶಯ ಮೂಡಿತು. ವಿಷಯವನ್ನೆಲ್ಲ ಬಿಡಿಸಿ ಹೇಳಬೇಕಾಯಿತು. ಕೇಳಿ ಮಾಯಿಲಪ್ಪ ಗಂಭೀರನಾದ. ಪಿತೃಕಾರ್ಯ ಎಂದ ಮೇಲೆ ತಮಾಷೆಯಲ್ಲ. ಆದರೆ ಅವನ ಬಾಣಲೆಗೆ ಈರುಳ್ಳಿ ಬೀಳದ ದಿನವೇ ಇಲ್ಲ. ಬೇರೆ ಬಾಣಲೆ ಬೇಕು, ಬೇರೆ ಎಣ್ಣೆ ಬೇಕು, ಬರೀ ಬಾಳೆಕಾಯಿ ಬಜ್ಜಿ ಕರಿಯಬೇಕು, ಅದನ್ನು ತಿನ್ನುವ ಜನವೂ ಬೇಕು.

ಹೀಗೆ, ಮೂವತ್ತೆರಡು ವರ್ಷ ವ್ಯಾಪಾರ ಮಾಡಿದ ಸೀತಾರಾಮ, ತನ್ನ ಅಂಗಡಿಯಿಂದಲೇ ಹೊಸ ಬಾಣಲೆ ಒಯ್ದು, ಪಕ್ಕದ ಅಂಗಡಿಯಿಂದ ಹದಿನೈದು ಲೀಟರಿನ ಹೊಸ ಎಣ್ಣೆಯ ಡಬ್ಬ ಕೊಂಡು ಮಾಯಿಲಪ್ಪನಿಗೆ ಕೊಟ್ಟ, ಹಾಳು ಮಾಡಿ ಕೊಡು ಎಂದು. ಕರಿದ ಬಜ್ಜಿಯನ್ನೂ ಅವನೇ ಕೊಂಡ (ಊರಿನವರು ಈರುಳ್ಳಿಯದನ್ನೇ ಕೇಳುತ್ತಿದ್ದರು). ಆರು ದಿನ ಮನೆಯಲ್ಲಿ ಬೆಳಗ್ಗೆ ಬಾಳೆಕಾಯಿ ಬಜ್ಜಿ, ಸಂಜೆ ಬಾಳೆಕಾಯಿ ಬಜ್ಜಿ. ಆರನೆಯ ದಿನ ಎಣ್ಣೆ ಸಾಕಷ್ಟು ಕೆಟ್ಟಿತು. ಸೀತಾರಾಮನ ಹೊಟ್ಟೆ ಮೂರನೆಯ ದಿನವೇ ಕೆಟ್ಟಿತ್ತು.

ಗೋಮತಿ ಬಹಳ ಹೊತ್ತು ಯೋಚಿಸಿ ಒಂದು ಪ್ರಶ್ನೆ ಕೇಳಿದಳು. "ಅಲ್ಲ, ಆ ಹೊಸ ಎಣ್ಣೆಯನ್ನೇ ನೇರ ಹೀಟರಿಗೆ ಹಾಕಬಹುದಿತ್ತಲ್ಲ?"

ಸೀತಾರಾಮ ಬಜ್ಜಿ ಕೆಳಗಿಟ್ಟು ಅವಳನ್ನು ನೋಡಿದ. ಇಷ್ಟು ಓದಿದ ಹೆಂಗಸಿಗೆ ಇದೂ ತಿಳಿಯುವುದಿಲ್ಲವೇ?

"ಹೊಸ ಎಣ್ಣೆಯನ್ನು ಸುಡುವುದಾ? ದಂಡ ಅಲ್ಲವಾ?"



ತಿಥಿಯ ದಿನ ಬಂತು. ಹೀಟರ್ ಹಿಂದಿನ ಮಧ್ಯಾಹ್ನದಿಂದಲೇ ಗುರುಗುಟ್ಟುತ್ತಿತ್ತು. ಅಣ್ಣ ಅತ್ತಿಗೆ ಮಡಿಕೇರಿಯಿಂದ ಬಾಡಿಗೆಯ ಜೀಪಿನಲ್ಲಿ ಬಂದಿಳಿದರು. ಸರೋಜತ್ತಿಗೆಯ ಕೈಯಲ್ಲಿ ಕಷಾಯದ ಫ್ಲಾಸ್ಕು, ಮುಖದಲ್ಲಿ ಕಷಾಯ ಬೇಕಾಗಿಯೇ ಆಗುತ್ತದೆಂಬ ಭರವಸೆ. ಅಣ್ಣ ತಣ್ಣೀರು ಸ್ನಾನ ಮಾಡಿ ನಡುಗುತ್ತಾ ಬಟ್ಟೆ ಕೋಣೆಗೆ ಹೋದರು. ಕೋಲಿನಿಂದ ಪಂಚೆ ಎಳೆದುಕೊಂಡರು. ಉಟ್ಟರು.

ಹೊರಗೆ ಬಂದಾಗ ಅವರ ಕಣ್ಣು ಅರ್ಧ ಮುಚ್ಚಿತ್ತು. "ಸೀತಾರಾಮ," ಎಂದರು. "ಬೆಚ್ಚಗುಂಟು ಮಾರಾಯ."

ಅಣ್ಣನ ಬಾಯಿಂದ ಇಂಥ ಮಾತು ಕೇಳಿ ಸೀತಾರಾಮನಿಗೆ ನಲವತ್ತು ವರ್ಷವಾಗಿತ್ತು. ಅತ್ತಿಗೆ ಹತ್ತಿರ ಬಂದು ಮೂಗನ್ನು ಗಾಳಿಯಲ್ಲಿ ಆಚೀಚೆ ಆಡಿಸಿದರು. ಈರುಳ್ಳಿಯ ಸುಳಿವಿಲ್ಲ. ಬಾಳೆಕಾಯಿ, ಜೀರಿಗೆ, ಚೂರು ಓಮ. ಮೂರೂ ಶಾಸ್ತ್ರಸಮ್ಮತ. ಫ್ಲಾಸ್ಕು ಮೂಲೆ ಸೇರಿತು.

ಪೂರ್ವಪಂಕ್ತಿಗೆ ಕೂತವರು ಇಬ್ಬರು ಪುರೋಹಿತರು. ಅವರಿಗೂ ಅದೇ ಕೋಣೆಯ ಪಂಚೆಗಳೇ. ಪಿತೃಸ್ಥಾನದಲ್ಲಿ ಕೂತ ಹಿರಿಯರಿಗೆ ಎಪ್ಪತ್ತೈದು ದಾಟಿದೆ, ಹಿಂದಿನ ರಾತ್ರಿಯಿಂದ ಉಪವಾಸ. ಯಾವಾಗಲೂ ಗಜಗಮನದಲ್ಲಿ ಸಾಗುವ ಮಂತ್ರ ಅವತ್ತು ಬಸ್ಸು ತಪ್ಪೀತೆಂದು ಹೆದರಿದವರ ಹಾಗೆ ಓಡಿತು. ನಡುನಡುವೆ ಹಿರಿಯರು ತಮ್ಮ ಉತ್ತರೀಯದ ಅಂಚನ್ನು ಮೂಗಿಗೆ ಹಿಡಿದು ನಿಟ್ಟುಸಿರು ಬಿಡುತ್ತಿದ್ದರು. ಎಲೆ ಹಾಕಿದರು. ಗೋಮತಿಯ ಹನ್ನೆರಡು ಬಗೆ ಬಂತು. ಹಿರಿಯರು ಉಂಡರು, ಚೆನ್ನಾಗಿಯೇ ಉಂಡರು, ಆದರೆ ಪ್ರತಿ ಸಲ ಬಡಿಸುವವರು ಬಂದಾಗಲೂ ಪಾತ್ರೆಯೊಳಗೆ ಇಣುಕಿ ನೋಡಿ ಸಪ್ಪಗಾಗುತ್ತಿದ್ದರು.

ಊಟದ ಕೊನೆಗೆ ಕರ್ತೃ ಕೈಮುಗಿದು ತೃಪ್ತಿಯಾಯಿತೇ ಎಂದು ಕೇಳುವುದು ಕ್ರಮ. ತೃಪ್ತಿಯಾಯಿತು ಎಂದು ಅವರು ಹೇಳಿದರೆ ಪಿತೃಗಳೇ ಹೇಳಿದಂತೆ. ಹೇಳಿದ ಮೇಲೆಯೇ ಪಿಂಡ, ಆಮೇಲೆಯೇ ಮನೆಯವರ ಊಟ. ಇದುವರೆಗೆ ಲೋಕದಲ್ಲಿ ಯಾರೂ ಇಲ್ಲ ಎಂದದ್ದಿಲ್ಲ.

ಅಣ್ಣ ಕೇಳಿದರು. ಕಿರಿಯರು ಆಯಿತೆಂದರು. ಹಿರಿಯರು ಅಡುಗೆ ಮನೆಯ ಕಡೆ ನೋಡಿದರು.

ಅಣ್ಣ ಇನ್ನೊಮ್ಮೆ ಕೇಳಿದರು.

"ಕೂತ ಜಾಗ ಅಂಥದ್ದು, ಸುಳ್ಳು ಹೇಳುವ ಹಾಗಿಲ್ಲ," ಎಂದರು ಹಿರಿಯರು. "ಬೆಳಗ್ಗಿಂದ ಮನೆ ತುಂಬ ಬಾಳೆಕಾಯಿ ಬಜ್ಜಿಯ ಪರಿಮಳ ಉಂಟು. ಎಲೆಗೆ ಮಾತ್ರ ಬರಲಿಲ್ಲ."

ಸೀತಾರಾಮನ ಕಣ್ಣ ಮುಂದೆ ತಿಥಿ ತನ್ನ ಮಣೆ, ದರ್ಭೆ, ಎಳ್ಳಿನ ಸಮೇತ ಮಡಿಕೇರಿಯ ಬಸ್ಸು ಹತ್ತುತ್ತಿರುವಂತೆ ಕಂಡಿತು.

"ತಿಥಿಗೆ ಕಡಲೆಹಿಟ್ಟು ನಮ್ಮಲ್ಲಿ ರೂಢಿ ಇಲ್ಲ," ಎಂದರು ಅಣ್ಣ ಮೆಲ್ಲಗೆ.

"ವಡೆಯ ಉದ್ದಿನ ಹಿಟ್ಟು ಉಳಿದಿದ್ದರೆ ಅದರಲ್ಲೇ ಅದ್ದಬಹುದು," ಎಂದರು ಹಿರಿಯರು, ಆ ಬಗ್ಗೆ ಮೊದಲೇ ಯೋಚಿಸಿಟ್ಟವರ ಹಾಗೆ. "ದೋಷವಿಲ್ಲ."

ಹಿಟ್ಟು ಉಳಿದಿತ್ತು. ಬಾಳೆಕಾಯಿಯೂ ಇತ್ತು. ಗೋಮತಿ ಒಂದು ಮಾತೂ ಆಡದೆ ಬಾಣಲೆ ಇಟ್ಟಳು. ಮಾತಾಡದ ಗೋಮತಿ ಎಂದರೆ ಏನೆಂದು ಬಲ್ಲ ಸೀತಾರಾಮ ಅಡುಗೆ ಮನೆಯ ಕಡೆ ತಿರುಗಲೂ ಇಲ್ಲ. ಹಿರಿಯರು ಹನ್ನೊಂದು ತಿಂದು, ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಗಟ್ಟಿ ಧ್ವನಿಯಲ್ಲಿ ತೃಪ್ತಿಯಾಯಿತೆಂದು ಸಾರಿದರು. ಅಣ್ಣ ಬೆಚ್ಚಗೆ ಪಿಂಡ ಇಟ್ಟರು. ಒಂದೂ ಸೀನಲಿಲ್ಲ.

ಸೀತಾರಾಮ ಗೆದ್ದಿದ್ದ. ಊಟವಾಗಿ ಎಲೆ ಅಡಿಕೆಗೆ ಕೂತಾಗ ಅಣ್ಣನೇ, "ಹೆಂಗೆ ಮಾಡಿದೆ ಇದನ್ನು? ತೋರಿಸು ನೋಡುವ," ಎಂದರು.

ಇಲ್ಲಿಗೆ ಸೀತಾರಾಮ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಮುಗಿಯುತ್ತಿತ್ತು. ಆದರೆ ಮೂವತ್ತೆರಡು ವರ್ಷ ಕೌಂಟರಿನ ಹಿಂದೆ ನಿಂತ ನಾಲಿಗೆ, ಎದುರಿಗೆ ಒಬ್ಬರು ಸಾಮಾನು ಮುಟ್ಟಿ ನೋಡುತ್ತಿದ್ದರೆ ಸುಮ್ಮನಿರುವುದುಂಟೇ? ಅದೂ ಮುಟ್ಟಿ ನೋಡುತ್ತಿದ್ದವರು ಸರೋಜತ್ತಿಗೆ.

"ಇದಕ್ಕೆ ಕರೆಂಟು ಬೇಡವಾ?" ಎಂದರು ಅತ್ತಿಗೆ. "ನಮ್ಮ ಹೀಟರ್ ಉಂಟು ಹೆಸರಿಗೆ. ಹೋದ ವಾರ ನಾಲ್ಕು ದಿನ ಕರೆಂಟೇ ಇಲ್ಲ."

"ಕರೆಂಟಿನ ಹಂಗೇ ಇಲ್ಲ ಅತ್ತಿಗೆ. ನಡುರಾತ್ರಿ ಕಂಬ ಬಿದ್ದರೂ ಇದು ಉರಿಯುತ್ತದೆ."

"ಬಾಳಿಕೆ?"

"ಲಾರಿಯ ಕಬ್ಬಿಣ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತದೆ."

"ಭಾರವೋ ಏನೋ. ಎತ್ತಲಿಕ್ಕೆ ಆಗಲಿಕ್ಕಿಲ್ಲ."

"ಎಂತ ಭಾರ? ಮೂರು ಬೋಲ್ಟು ಬಿಚ್ಚಿದರೆ ಇಬ್ಬರು ಎತ್ತಬಹುದು. ಜೀಪಿನ ಹಿಂದೆ ಆರಾಮವಾಗಿ ಕೂರುತ್ತದೆ."

"ಎಣ್ಣೆಗೆ ಎಲ್ಲಿಗೆ ಹೋಗುವುದು?"

"ಮಡಿಕೇರಿಯಲ್ಲಿ ಎಣ್ಣೆಗೆ ಬರವಾ? ಹೆಜ್ಜೆಗೊಂದು ಹೋಟೆಲ್."

ಹೇಳಿ ಮುಗಿಸಿದ ಮೇಲೆ ಸೀತಾರಾಮನಿಗೆ ತಾನು ಏನು ಹೇಳಿದೆನೆಂಬುದು ಕೇಳಿಸಿತು. ಅಷ್ಟರಲ್ಲಿ ಅತ್ತಿಗೆ ಗಂಡನ ಮುಖ ನೋಡಿದ್ದರು.

"ದೇವಸ್ಥಾನಕ್ಕೆ ದಿನಾ ಮಡಿ ಬೇಕು ನೋಡು," ಎಂದರು ಅಣ್ಣ. "ನಿನಗಾದರೆ ವರ್ಷಕ್ಕೊಂದು ದಿನ. ಅಣ್ಣ ಅಂತ ನಾನು ನಿನ್ನ ಹತ್ತಿರ ಏನನ್ನೂ ಕೇಳಿದವನಲ್ಲ."

ತಿಥಿಯ ದಿನ, ಅಪ್ಪನ ಎದುರು, ಅಣ್ಣ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವುದು ಹೇಗೆ? ಸೀತಾರಾಮ ಸ್ಪ್ಯಾನರ್ ತಂದ.

ಮೂರನೆಯ ಬೋಲ್ಟು ಬಿಚ್ಚುವಾಗ ಅತ್ತಿಗೆ ಸಹಜವಾಗಿ ಹೇಳಿದರು: "ಅಂದ ಮೇಲೆ ಬರುವ ವರ್ಷ ಮಡಿಕೇರಿಯಲ್ಲೇ ಆಯಿತಲ್ಲ. ಹೀಟರ್ ಅಲ್ಲಿ, ತಿಥಿ ಇಲ್ಲಿ ಅಂದರೆ ಪಂಚೆ ಒಣಗುವುದು ಹೇಗೆ?"

"ಇನ್ನೊಂದು ಮಾಡುತ್ತೇನೆ ಅತ್ತಿಗೆ. ಎರಡು ದಿನದ ಕೆಲಸ."

"ಮಾಡಿ," ಎಂದಳು ಗೋಮತಿ ಬಾಗಿಲಿನಿಂದ. ಮಧ್ಯಾಹ್ನದಿಂದ ಅವಳು ಆಡಿದ ಮೊದಲ ಮಾತದು. "ಮಾಡಿ ಆ ಜೀಪಿಗೇ ಹತ್ತಿಸಿ, ನೀವೂ ಹತ್ತಿ. ಈ ಮನೆಯಲ್ಲಿ ಇನ್ನೊಂದು ಸಲ ನನ್ನ ಸೀರೆಗೆ ಬಜ್ಜಿ ನಾತ ಬಂದರೆ ಒಂಬತ್ತನೇ ಕ್ಲಾಸಿಗೆ ನೀವೇ ಹೋಗಿ ಪಾಠ ಮಾಡಬೇಕು." ಆಮೇಲೆ ಧ್ವನಿ ಬದಲಿಸಿ, ಬಹಳ ಪ್ರೀತಿಯಿಂದ, "ಅಕ್ಕಾ, ಉಳಿದ ಎಣ್ಣೆಯನ್ನೂ ತೆಗೆದುಕೊಂಡು ಹೋಗಿ. ಚಳಿಗೆ ಗಟ್ಟಿಯಾಗುತ್ತದೆ, ಒಲೆಯ ಮೇಲಿಟ್ಟು ಕರಗಿಸಿಕೊಳ್ಳಿ. ಬಾಳೆಕಾಯಿಯೂ ಒಂದು ಗೊನೆ ಹಾಕಿಸುತ್ತೇನೆ, ನಿಮಗೆ ಬೇಕಾಗುತ್ತದೆ," ಎಂದಳು.

ಹೀಟರ್ ಜೀಪಿನ ಹಿಂದೆ ಆರಾಮವಾಗಿ ಕೂತಿತು. ಅಲ್ಲಾಡದ ಹಾಗೆ ಸೀತಾರಾಮನೇ ಹಗ್ಗ ಬಿಗಿದ. ಅಣ್ಣ ಬೆಚ್ಚಗಿನ ಪಂಚೆಯಲ್ಲೇ ಮುಂದಿನ ಸೀಟಿನಲ್ಲಿ ಕೂತು, "ಬರುವ ವರ್ಷ ಹಿಂದಿನ ದಿನವೇ ಬಂದುಬಿಡು ಮಾರಾಯ, ಇದನ್ನು ಹೊತ್ತಿಸಲಿಕ್ಕೆ ನೀನೇ ಬೇಕು," ಎಂದರು. ಜೀಪು ಮಡಿಕೇರಿಯ ರಸ್ತೆ ಹಿಡಿದು ಮಳೆಯೊಳಗೆ ಮರೆಯಾಯಿತು.

ಸೀತಾರಾಮ ಅಂಗಡಿಯ ಬಾಗಿಲು ತೆಗೆದು ಕೂತ. ಸ್ವಲ್ಪ ಹೊತ್ತಿಗೆ ಬಾಳೆಲೆ ಎಂಬ ಊರಿನ ಕಡೆಯ ಗಿರಾಕಿಯೊಬ್ಬರು ಬಂದು, ಮರ ಸವರುವ ಕತ್ತಿಯೊಂದನ್ನು ಕೈಗೆತ್ತಿಕೊಂಡು, ಅಂಚು ಸವರಿ ನೋಡಿ, "ಇದು ಹೇಗೆ ಸೀತಾರಾಮಣ್ಣ, ಒಳ್ಳೆಯದಾ?" ಎಂದು ಕೇಳಿದರು.

ಸೀತಾರಾಮ ಕತ್ತಿಯನ್ನು ಗಿರಾಕಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮತ್ತೆ ಮೊಳೆಗೆ ನೇತುಹಾಕಿದ.

"ಸುಮಾರು," ಎಂದ.